ನಾಲಿಗೆ ಚಾಚಿದ ಟೀಶರ್ಟು: ರಾಕ್ ಸಂಗೀತ ಮತ್ತು ಅದನ್ನು ನೋಡಿ ನಕ್ಕವರ ಚರಿತ್ರೆ

ಹೊನ್ನಾಳಿ ಸಂತೆಯಲ್ಲೋ, ಜಗಳೂರಿನ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲೋ ತೂಗುಹಾಕಿದ ಟೀಶರ್ಟುಗಳ ಸಾಲಿನಲ್ಲಿ ಒಂದನ್ನು ನೀವು ನೋಡೇ ಇರುತ್ತೀರಿ. ಕಪ್ಪು ಬಟ್ಟೆ, ಅದರ ಮೇಲೆ ದಪ್ಪ ಕೆಂಪು ತುಟಿ, ಹೊರಗೆ ಚಾಚಿದ ಉದ್ದ ನಾಲಿಗೆ. ಬೈಕಿನ ಟ್ಯಾಂಕಿನ ಮೇಲೂ ಇದರ ಸ್ಟಿಕ್ಕರ್ ಕಾಣುತ್ತದೆ. ಇದು ಏನು, ಯಾರದು ಎಂದು ಹಾಕಿಕೊಂಡ ಹುಡುಗರನ್ನು ಕೇಳಿದರೆ ಬಹಳ ಮಂದಿ ‘ಸುಮ್ನೆ ಸ್ಟೈಲು’ ಅನ್ನುತ್ತಾರೆ.

ಆ ನಾಲಿಗೆಯ ಮೂಲ ನಮ್ಮ ಕಾಳಿ. ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲೆಂಡಿನ ರಾಕ್ ತಂಡಕ್ಕೆ 1970ರಲ್ಲಿ ಒಂದು ಗುರುತು ಬೇಕಾಯಿತು. ಜಾನ್ ಪ್ಯಾಶ್ ಎಂಬ ಲಂಡನ್ನಿನ ಕಲಾ ವಿದ್ಯಾರ್ಥಿಯನ್ನು ಕರೆದರು. ತಂಡದ ಗಾಯಕ ಮಿಕ್ ಜ್ಯಾಗರ್ ಅವನಿಗೆ ತೋರಿಸಿದ್ದು ನಾಲಿಗೆ ಚಾಚಿದ ಕಾಳಿಯ ಚಿತ್ರ. ಆ ಹುಡುಗ ದೇವಿಯನ್ನು ಬಿಟ್ಟು ನಾಲಿಗೆ, ತುಟಿ ಮಾತ್ರ ಉಳಿಸಿಕೊಂಡು ಬರೆದ. ಮೊದಲಿಗೆ ಸಿಕ್ಕ ಕೂಲಿ 50 ಪೌಂಡ್. ದೊಡ್ಡವರಿಗೆ ನಾಲಿಗೆ ತೋರಿಸಿ ಅಣಕಿಸುವ ಮಗುವಿನ ಚೇಷ್ಟೆಯೂ ಅದರಲ್ಲಿ ಇತ್ತು. ಅದೇ ತಂಡ 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿತು. ಕಾಳಿಯ ನಾಲಿಗೆ ಲಂಡನ್ ಸುತ್ತಿ ಮತ್ತೆ ಭಾರತಕ್ಕೇ ಬಂದಂತಾಯಿತು.

ರಾಕ್ ಸಂಗೀತದ ಚರಿತ್ರೆಯನ್ನು ಪುಸ್ತಕದಲ್ಲಿ ಓದಲು ಇಂಗ್ಲಿಷ್ ಬೇಕು. ಆದರೆ ಅದರ ಬಗ್ಗೆ ಬರೆದ ವ್ಯಂಗ್ಯಚಿತ್ರ, ಅಣಕಚಿತ್ರಗಳನ್ನು ನೋಡಲು ಕಣ್ಣಿದ್ದರೆ ಸಾಕು. ಈ ಬರಹದಲ್ಲಿ ನಾವು ಆ ಚಿತ್ರಗಳ ಜಾಡು ಹಿಡಿದು ಹೋಗುತ್ತೇವೆ. ಪ್ರತಿ ಚಿತ್ರಕ್ಕೂ ಕೇಳುವ ಪ್ರಶ್ನೆ ಒಂದೇ: ಇಲ್ಲಿ ಯಾರು ಯಾರನ್ನು ನೋಡಿ ನಗುತ್ತಿದ್ದಾರೆ?

ಹತ್ತಿ ಹೊಲದಲ್ಲಿ ಹುಟ್ಟಿದ ಹಾಡು

‘ರಾಕ್’ ಅಂದರೆ ಬಂಡೆ ಎಂದುಕೊಂಡವರು ಇದ್ದಾರೆ. ಈ ಸಂಗೀತದ ಹೆಸರಿನಲ್ಲಿರುವ ರಾಕ್‌ಗೆ ತೂಗು, ಅಲುಗು ಎಂಬ ಅರ್ಥ. ತೊಟ್ಟಿಲು ತೂಗುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಮಾತು.

ಇದರ ಬೇರು ಇರುವುದು ಪೇಟೆಯಲ್ಲಿ ಅಲ್ಲ. ಅಮೆರಿಕದ ಮಿಸಿಸಿಪ್ಪಿ ನದಿ ಬಯಲಿನ ಹತ್ತಿ ಹೊಲಗಳಲ್ಲಿ. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಗುಲಾಮರಾಗಿ ತಂದ ಕಪ್ಪು ಜನರ ಮಕ್ಕಳು, ಮೊಮ್ಮಕ್ಕಳು. 1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋಯಿತು. ಬದುಕಿನಲ್ಲಿ ಹೋಗಲಿಲ್ಲ. ಜಮೀನ್ದಾರನ ಹೊಲವನ್ನು ಕೋರಿಗೆ ಮಾಡಬೇಕು, ಬೀಜ, ಎತ್ತು, ಕಾಳುಕಡಿ ಅವನ ಅಂಗಡಿಯಿಂದಲೇ ಸಾಲವಾಗಿ ತರಬೇಕು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಬೆಳೆ ಹೋಗಿ ಸಾಲ ಉಳಿಯುತ್ತಿತ್ತು. ಈ ಲೆಕ್ಕವನ್ನು ಜಗಳೂರಿನ ಬರಡು ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹತ್ತಿಯ ನಂಟು ಇನ್ನೂ ಒಂದಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ಆಗ ಗಿರಣಿ ಮಾಲೀಕರ ಕಣ್ಣು ಬಿದ್ದದ್ದು ಭಾರತದ ಮೇಲೆ, ಅದರಲ್ಲೂ ಧಾರವಾಡ ಸೀಮೆಯ ಮೇಲೆ. ಅಲ್ಲಿ ಬೆಳೆಯುತ್ತಿದ್ದ ಒಂದು ತಳಿಯ ಹೆಸರೇ ‘ಧಾರವಾಡ ಅಮೆರಿಕನ್’. ಮುಂದೆ ದಾವಣಗೆರೆಯಲ್ಲೇ ಗಿರಣಿಗಳು ಎದ್ದು ಊರು ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿತು. ಒಂದೇ ಬೆಳೆ ಎರಡು ಖಂಡದ ಕೂಲಿಗಳ ಬೆನ್ನು ಬಗ್ಗಿಸಿತ್ತು.

ಅಲ್ಲಿಯ ಕೂಲಿಗಳು ಹೊಲದಲ್ಲಿ ಕೂಗಿಕೊಂಡ ಪದ, ಚರ್ಚಿನ ಭಜನೆ, ಮನೆಯ ಜಗುಲಿಯಲ್ಲಿ ಕೂತು ನುಡಿಸಿದ ಗಿಟಾರು ಎಲ್ಲ ಸೇರಿ ‘ಬ್ಲೂಸ್’ ಎಂಬ ದುಃಖದ ಹಾಡು ಹುಟ್ಟಿತು. ಮಡ್ಡಿ ವಾಟರ್ಸ್ ಎಂಬ ಗಾಯಕ ಮಿಸಿಸಿಪ್ಪಿಯ ಇಂಥದೇ ಒಂದು ಹತ್ತಿ ಎಸ್ಟೇಟಿನಲ್ಲಿ ದುಡಿಯುತ್ತಿದ್ದವನು. 1943ರಲ್ಲಿ ಕೆಲಸ ಹುಡುಕಿಕೊಂಡು ಶಿಕಾಗೊಗೆ ಗುಳೆ ಹೋದ. ಪಟ್ಟಣದ ಗದ್ದಲದಲ್ಲಿ ಬರಿ ಗಿಟಾರು ಕೇಳುತ್ತಿರಲಿಲ್ಲ, ಕರೆಂಟಿನ ಗಿಟಾರು ಹಿಡಿದ. ಅವನ 1950ರ ಒಂದು ಹಾಡಿನ ಹೆಸರನ್ನೇ 1962ರಲ್ಲಿ ಲಂಡನ್ನಿನ ಹುಡುಗರು ತಮ್ಮ ತಂಡಕ್ಕೆ ಇಟ್ಟುಕೊಂಡರು. ಅದೇ ರೋಲಿಂಗ್ ಸ್ಟೋನ್ಸ್, ನಾಲಿಗೆ ಟೀಶರ್ಟಿನ ತಂಡ.

ಇಷ್ಟು ಗೊತ್ತಾದ ಮೇಲೆ ‘ರಾಕ್ ಅಂದರೆ ದುಡ್ಡಿದ್ದ ಪೇಟೆ ಹುಡುಗರ ಗಲಾಟೆ’ ಎಂಬ ಮಾತು ನಿಲ್ಲುವುದಿಲ್ಲ. ಹಾಗಾದರೆ ನಮ್ಮ ಕಣ್ಣಿಗೆ ಬಿದ್ದ ಚಿತ್ರಗಳಲ್ಲಿ ಉದ್ದ ಕೂದಲಿನ ಬಿಳಿ ಹುಡುಗ ಮಾತ್ರ ಯಾಕಿದ್ದಾನೆ? ಹೊಲದ ಕೂಲಿ ಯಾಕಿಲ್ಲ?

ಅಣಕದ ಹೆಸರು ಕಾನೂನಿನ ಹೆಸರಾದದ್ದು

ಕೂಲಿಯ ಚಿತ್ರವೂ ಇತ್ತು. ಆದರೆ ಅದನ್ನು ಬರೆದವನು ಕೂಲಿಯಲ್ಲ.

1830ರ ಹೊತ್ತಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು, ಹರಿದ ಬಟ್ಟೆ ತೊಟ್ಟು, ಕುಂಟುತ್ತಾ ಕುಣಿಯುವ ಕಪ್ಪು ಆಳಿನ ವೇಷ ಹಾಕಿದ. ಆ ಪಾತ್ರದ ಹೆಸರು ಜಿಮ್ ಕ್ರೋ. ಜನ ಬಿದ್ದು ಬಿದ್ದು ನಕ್ಕರು. ಆಗ ರೇಡಿಯೊ ಇಲ್ಲ, ರೆಕಾರ್ಡ್ ಇಲ್ಲ. ಹಾಡು ಮಾರಾಟವಾಗುತ್ತಿದ್ದದ್ದು ಅಚ್ಚಾದ ಹಾಳೆಗಳಲ್ಲಿ. ಆ ಹಾಳೆಯ ಮುಖಪುಟದಲ್ಲಿ ದಪ್ಪ ತುಟಿ, ಹೊರಬಿದ್ದ ಕಣ್ಣು, ವಕ್ರ ಕಾಲಿನ ಜಿಮ್ ಕ್ರೋ ಚಿತ್ರ. ಹಾಡಿನ ಜೊತೆ ಚಿತ್ರವೂ ಮನೆಮನೆಗೆ ಹೋಯಿತು.

ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ರೈಲು ಡಬ್ಬಿ, ಬೇರೆ ನಲ್ಲಿ ಎಂದು ಕಾನೂನು ಬಂತು. ಆ ಕಾನೂನುಗಳಿಗೆ ಜನರ ಬಾಯಲ್ಲಿ ಉಳಿದ ಹೆಸರು ‘ಜಿಮ್ ಕ್ರೋ ಕಾನೂನು’. ನಗಿಸಲು ಹುಟ್ಟಿದ ಒಂದು ಪಾತ್ರದ ಹೆಸರೇ ಮನುಷ್ಯರನ್ನು ದೂರ ಇಡುವ ಕಾನೂನಿನ ಹೆಸರಾಯಿತು. ಅವು ಪೂರ್ತಿ ಬಿದ್ದುಹೋಗಲು 1960ರ ದಶಕದವರೆಗೆ ಕಾಯಬೇಕಾಯಿತು. ಒಂದು ಜನಾಂಗವನ್ನು ನೂರು ಸಲ ಕೋಡಂಗಿಯಂತೆ ತೋರಿಸಿದರೆ, ನೂರೊಂದನೆಯ ಸಲ ಅವರಿಗೆ ಏನು ಮಾಡಿದರೂ ನೋಡುವವರಿಗೆ ನೋವಾಗುವುದಿಲ್ಲ.

ಇದನ್ನು ಓದುವಾಗ ನಮಗೆ ನಮ್ಮೂರ ಹಲಗೆ, ತಮಟೆ ನೆನಪಾಗುತ್ತವೆ. ಜಾತ್ರೆಗೆ, ಸಾವಿಗೆ, ಡಂಗುರಕ್ಕೆ ಬಡಿಯುವವನು ಬೇಕು. ಆದರೆ ಅವನು ಗುಡಿಯ ಹೊರಗೆ ನಿಂತೇ ಬಡಿಯಬೇಕು. ಅಮೆರಿಕದಲ್ಲೂ ಹೀಗೇ ಇತ್ತು. ಹೋಟೆಲಿನಲ್ಲಿ ಹಾಡಲು ಕಪ್ಪು ಗಾಯಕ ಬೇಕಿತ್ತು, ಅಲ್ಲೇ ಕೂತು ಉಣ್ಣಲು ಅವನಿಗೆ ಅವಕಾಶ ಇರಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕೆಂದು ಪದ್ಮಶ್ರೀ ಬಂದದ್ದು 2023ರಲ್ಲಿ. ಒಂದು ಚರ್ಮವಾದ್ಯ ಗೌರವದ ವೇದಿಕೆ ಹತ್ತಲು ಎಷ್ಟು ಕಾಲ ಬೇಕಾಯಿತು ನೋಡಿ.

ನಾಯಿಯ ಮುಂದೆ ಹಾಡು ಎಂದರು

1950ರ ದಶಕದಲ್ಲಿ ಬ್ಲೂಸ್ ವೇಗ ಪಡೆದು ‘ರಾಕ್ ಅಂಡ್ ರೋಲ್’ ಆಯಿತು. ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಕಪ್ಪು ಹೆಣ್ಣುಮಗಳು ಅದಕ್ಕೂ ಮೊದಲೇ ಕರೆಂಟಿನ ಗಿಟಾರು ಹಿಡಿದು ಚರ್ಚಿನ ಹಾಡುಗಳನ್ನು ಕುಣಿಯುವಂತೆ ಹಾಡುತ್ತಿದ್ದಳು. ಬಿಗ್ ಮಾಮಾ ಥಾರ್ನ್‌ಟನ್ ಎಂಬ ಇನ್ನೊಬ್ಬ ಕಪ್ಪು ಗಾಯಕಿ 1952ರಲ್ಲಿ ‘ಹೌಂಡ್ ಡಾಗ್’ ಎಂಬ ಹಾಡನ್ನು ರೆಕಾರ್ಡ್ ಮಾಡಿದಳು. ನಾಲ್ಕು ವರ್ಷದ ನಂತರ ಎಲ್ವಿಸ್ ಪ್ರೀಸ್ಲಿ ಎಂಬ ಬಿಳಿ ಹುಡುಗ ಅದನ್ನೇ ಹಾಡಿದ. ಜಗತ್ತು ನೆನಪಿಟ್ಟುಕೊಂಡದ್ದು ಅವನನ್ನು.

ಎಲ್ವಿಸ್ ಕೂಡ ಬಡವರ ಮನೆಯ ಹುಡುಗನೇ. ಅವನು ಸೊಂಟ ಕುಣಿಸಿ ಹಾಡುವುದನ್ನು ಕಂಡು ದೊಡ್ಡವರಿಗೆ ಮೈ ಉರಿಯಿತು. 1956ರ ಜುಲೈನಲ್ಲಿ ಒಂದು ಟಿ.ವಿ. ಕಾರ್ಯಕ್ರಮದಲ್ಲಿ ಅವನಿಗೆ ಕೋಟು ತೊಡಿಸಿ, ಎದುರಿಗೆ ಟೋಪಿ ಹಾಕಿದ ನಿಜವಾದ ನಾಯಿಯೊಂದನ್ನು ಕೂರಿಸಿ, ಅದಕ್ಕೆ ಹಾಡು ಎಂದರು. ಹಾಡಿನ ಹೆಸರಿನಲ್ಲಿ ನಾಯಿ ಇದೆಯಲ್ಲ, ಅದಕ್ಕೆ. 1957ರ ಜನವರಿ 6ರಂದು ಇನ್ನೊಂದು ದೊಡ್ಡ ಕಾರ್ಯಕ್ರಮದಲ್ಲಿ ಅವನನ್ನು ಸೊಂಟದಿಂದ ಮೇಲೆ ಮಾತ್ರ ತೋರಿಸಿದರು. ಇವು ಕಾಗದದ ಮೇಲಿನ ವ್ಯಂಗ್ಯಚಿತ್ರಗಳಲ್ಲ. ಜೀವಂತ ಮನುಷ್ಯನನ್ನೇ ವ್ಯಂಗ್ಯಚಿತ್ರ ಮಾಡಿದ್ದು. ಇಲ್ಲಿ ನಗುತ್ತಿದ್ದವರು ಹಿರಿಯರು, ನಗೆಪಾಟಲಾದದ್ದು ಹರೆಯ.

ಅದೇ ಕಾಲದಲ್ಲಿ, 1958ರಲ್ಲಿ, ಚಕ್ ಬೆರಿ ಎಂಬ ಕಪ್ಪು ಗಾಯಕ ‘ಜಾನಿ ಬಿ. ಗುಡ್’ ಎಂಬ ಹಾಡು ತಂದ. ಓದುಬರಹ ಸರಿಯಾಗಿ ಬಾರದ, ಗಿಟಾರು ಮಾತ್ರ ಚೆನ್ನಾಗಿ ನುಡಿಸುವ ಹಳ್ಳಿ ಹುಡುಗನ ಕಥೆ ಅದು. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳನ್ನು ಹಾರಿಸಿದಾಗ, ಭೂಮಿಯ ಪರಿಚಯಕ್ಕೆಂದು ಕಳಿಸಿದ ಚಿನ್ನದ ತಟ್ಟೆಯಲ್ಲಿ ಈ ಹಾಡನ್ನೂ ಸೇರಿಸಿದರು. ಮರುವರ್ಷ ಅಮೆರಿಕದ ಒಂದು ಹಾಸ್ಯ ಕಾರ್ಯಕ್ರಮದಲ್ಲಿ ಜೋಕು ಮಾಡಿದರು: ಅನ್ಯಗ್ರಹದವರಿಂದ ಉತ್ತರ ಬಂದಿದೆಯಂತೆ, ಚಕ್ ಬೆರಿಯ ಹಾಡು ಇನ್ನಷ್ಟು ಕಳಿಸಿ ಎಂದು ಕೇಳಿದ್ದಾರಂತೆ. ಈ ನಗುವಿನಲ್ಲಿ ಹಳ್ಳಿ ಹುಡುಗ ಗೆದ್ದಿದ್ದಾನೆ. ಮೇಲಿನ ನಾಯಿಯ ಜೋಕಿಗೂ ಇದಕ್ಕೂ ಇರುವ ಅಂತರ ಅದೇ.

ಪೆನ್ನು ಹುಡುಗರ ಕೈಗೆ ಬಂತು

1968ರ ಹೊತ್ತಿಗೆ ರಾಕ್ ಕೇಳುವ ಪೀಳಿಗೆಯೇ ಚಿತ್ರ ಬರೆಯತೊಡಗಿತ್ತು. ಆ ವರ್ಷ ಎರಡು ದೊಡ್ಡ ಕೆಲಸಗಳಾದವು.

ಒಂದು, ‘ಯೆಲ್ಲೊ ಸಬ್‌ಮರೀನ್’ ಎಂಬ ಪೂರ್ಣಪ್ರಮಾಣದ ಕಾರ್ಟೂನ್ ಸಿನಿಮಾ. ಬೀಟಲ್ಸ್ ತಂಡದ ನಾಲ್ವರು ಹಾಡುಗಾರರೇ ಅದರಲ್ಲಿ ಕಾರ್ಟೂನ್ ಗೊಂಬೆಗಳು. ಸಂಗೀತ ಕಂಡರಾಗದ ನೀಲಿ ರಾಕ್ಷಸರು ಒಂದು ಸುಂದರ ನಾಡನ್ನು ಮುತ್ತಿ ಸದ್ದಡಗಿಸುತ್ತಾರೆ, ಈ ನಾಲ್ವರು ಹೋಗಿ ಹಾಡಿ ಬಿಡಿಸುತ್ತಾರೆ. ಹಾಡಿಗೆ ಬೇಲಿ ಹಾಕುವವರೇ ಇಲ್ಲಿ ನಗೆಗೀಡು.

ಎರಡು, ರಾಬರ್ಟ್ ಕ್ರಂಬ್ ಎಂಬ ಚಿತ್ರಕಾರ ಜ್ಯಾನಿಸ್ ಜಾಪ್ಲಿನ್ ಎಂಬ ಗಾಯಕಿಯ ತಂಡದ ‘ಚೀಪ್ ಥ್ರಿಲ್ಸ್’ ರೆಕಾರ್ಡಿಗೆ ಬರೆದ ಮುಖಪುಟ. ಒಂದೊಂದು ಹಾಡಿಗೂ ಒಂದೊಂದು ಚೌಕದ ಕಾರ್ಟೂನು. ಇಂದಿಗೂ ಅದು ಹೆಸರುವಾಸಿ. ಆದರೆ ಅದನ್ನು ದಿಟ್ಟಿಸಿ ನೋಡಿದರೆ ಒಂದು ಚೌಕದಲ್ಲಿ ಕಪ್ಪು ಹೆಂಗಸೊಬ್ಬಳ ಚಿತ್ರವಿದೆ. ಅದೇ ಹಳೆಯ ದಪ್ಪ ತುಟಿ, ಅದೇ ಹೊರಬಿದ್ದ ಕಣ್ಣು. ಹಳೆಯ ಕಟ್ಟಳೆಗಳನ್ನೆಲ್ಲ ಗೇಲಿ ಮಾಡುತ್ತಿದ್ದ ಹೊಸ ಪೀಳಿಗೆಯ ಪೆನ್ನಿನ ತುದಿಯಲ್ಲೂ ಜಿಮ್ ಕ್ರೋ ಕೂತಿದ್ದ.

ವಿಚಿತ್ರವೆಂದರೆ ಇದೇ ಕ್ರಂಬ್‌ಗೆ ರಾಕ್ ಸಂಗೀತ ಹೆಚ್ಚು ಹಿಡಿಸುತ್ತಿರಲಿಲ್ಲ. ಅವನು 1920ರ ದಶಕದ ಹಳೆಯ ರೆಕಾರ್ಡುಗಳನ್ನು ಹುಡುಕಿ ಕೂಡಿಡುವ ಮರುಳ. 1980ರಲ್ಲಿ ‘ಹೀರೋಸ್ ಆಫ್ ದ ಬ್ಲೂಸ್’ ಎಂದು 36 ಕಾರ್ಡುಗಳ ಒಂದು ಕಟ್ಟು ಬರೆದ. ಕ್ರಿಕೆಟ್ ಆಟಗಾರರ ಕಾರ್ಡ್ ನೀವು ಚಿಕ್ಕವರಿದ್ದಾಗ ಕೂಡಿಟ್ಟಿರಬಹುದು, ಹಾಗೆಯೇ. ಒಂದೊಂದರಲ್ಲಿ ಒಬ್ಬೊಬ್ಬ ಹಳೆಯ ಬ್ಲೂಸ್ ಹಾಡುಗಾರರ ಮುಖ. ಇಲ್ಲಿ ಅಣಕವಿಲ್ಲ. ಮೆಚ್ಚಿನ ಕೋಟು ತೊಟ್ಟು, ಗಿಟಾರು ಹಿಡಿದು, ಫೋಟೊಗೆ ನಿಂತ ಮನೆಯ ಹಿರಿಯರಂತೆ ಇದ್ದಾರೆ. ಮುಂದೆ ಚಾರ್ಲಿ ಪ್ಯಾಟನ್ ಎಂಬ ಮಿಸಿಸಿಪ್ಪಿಯ ಹಾಡುಗಾರನ ಬದುಕನ್ನೂ ಕಾಮಿಕ್ಸ್ ಮಾಡಿದ. ಕೂಲಿಗಳ ಮುಖ ಚರಿತ್ರೆಗೆ ಮರಳಿತು. ಒಂದೇ ಕೈ ಅವಮಾನವನ್ನೂ ಬರೆದಿತ್ತು, ಗೌರವವನ್ನೂ ಬರೆಯಿತು.

ಇದೇ ಕಾಲದ ಇನ್ನೊಂದು ಕೆಲಸ ನಮ್ಮ ಹೆಳವರನ್ನು ನೆನಪಿಸುತ್ತದೆ. ನಮ್ಮೂರಿಗೆ ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಓದುವ ಹೆಳವರಿದ್ದಾರಲ್ಲ, ಇಂಗ್ಲೆಂಡಿನ ಪೀಟ್ ಫ್ರೇಮ್ ರಾಕ್ ತಂಡಗಳಿಗೆ ಹಾಗೆ ಮಾಡಿದ. ಯಾವ ತಂಡ ಒಡೆದು ಯಾವುದಾಯಿತು, ಯಾರು ಯಾರ ಜೊತೆ ಬಾರಿಸಿದರು ಎಂಬುದನ್ನೆಲ್ಲ ಕೈಬರಹದಲ್ಲಿ ವಂಶವೃಕ್ಷವಾಗಿ ಬಿಡಿಸಿದ. ನಡುನಡುವೆ ಸಣ್ಣಕ್ಷರದಲ್ಲಿ ಚಾಡಿ, ಚೇಷ್ಟೆಯ ಟಿಪ್ಪಣಿ ಬೇರೆ.

ಮೇಷ್ಟ್ರ ಕೋಲು, ಪ್ರಧಾನಿಯ ಕಥೆ, ಹನ್ನೊಂದರ ಗುಂಡಿ

1979ರಲ್ಲಿ ಪಿಂಕ್ ಫ್ಲಾಯ್ಡ್ ತಂಡ ‘ದ ವಾಲ್’ ಎಂಬ ರೆಕಾರ್ಡ್ ತಂದಿತು. ಅದಕ್ಕೆ ಚಿತ್ರ ಬರೆದವನು ಜೆರಾಲ್ಡ್ ಸ್ಕಾರ್ಫ್, ಪತ್ರಿಕೆಗಳಲ್ಲಿ ರಾಜಕಾರಣಿಗಳ ವ್ಯಂಗ್ಯಚಿತ್ರ ಬರೆದು ಪಳಗಿದವನು. 1982ರಲ್ಲಿ ಅದು ಸಿನಿಮಾ ಆಯಿತು. ಅದರಲ್ಲಿ ಮಕ್ಕಳನ್ನು ಬಡಿಯುವ ಒಬ್ಬ ಮೇಷ್ಟ್ರಿದ್ದಾನೆ. ಸುತ್ತಿಗೆಗಳು ಸಿಪಾಯಿಗಳಂತೆ ಸಾಲುಗಟ್ಟಿ ನಡೆಯುತ್ತವೆ. ಬಾಸುಂಡೆ ಎದ್ದ ಅಂಗೈ ಕಂಡವರಿಗೆ ಆ ಚಿತ್ರದ ಅರ್ಥ ಹೇಳಲು ಭಾಷೆ ಬೇಕಿಲ್ಲ.

ಐರನ್ ಮೇಡನ್ ತಂಡದ ಗುರುತು ಎಡ್ಡಿ ಎಂಬ ಅಸ್ಥಿಪಂಜರದಂಥ ಬೊಂಬೆ. ಬರೆದವನು ಡೆರೆಕ್ ರಿಗ್ಸ್. ಹೊಲದ ಬೆರ್ಚಪ್ಪನಿಗೆ ಸಿಟ್ಟು ಬಂದರೆ ಹೇಗಿರುತ್ತದೋ ಹಾಗಿದ್ದಾನೆ ಎಡ್ಡಿ. 1980ರ ಒಂದು ರೆಕಾರ್ಡಿನ ಹೊದಿಕೆಯಲ್ಲಿ ಅವನ ಕಾಲ ಬುಡದಲ್ಲಿ ಬಿದ್ದಿದ್ದವರು ಇಂಗ್ಲೆಂಡಿನ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ತಂಡದ ಪೋಸ್ಟರು ಕಿತ್ತದ್ದೇ ಅವರ ಅಪರಾಧ! ಕೆಲವು ಪ್ರತಿಗಳಲ್ಲಿ ಪ್ರಧಾನಿಯ ಕಣ್ಣಿಗೆ ಕಪ್ಪು ಪಟ್ಟಿ ಹಾಕಿ ಮಾರಿದರು. ಚಿತ್ರ ಕ್ರೂರವೇ. ಆದರೆ ಗುರಿ ಮೇಲಿದ್ದವರು. ಈ ಎಡ್ಡಿಯ ತಂಡವೂ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿ ಹೋಯಿತು.

ಹೊತ್ತು ಕಳೆದಂತೆ ರಾಕ್ ಹಾಡುಗಾರರೇ ಸಾಹುಕಾರರಾದರು. ವಿಮಾನ, ಬಂಗಲೆ, ಗತ್ತು ಬಂತು. ಆಗ ವ್ಯಂಗ್ಯ ಅವರ ಕಡೆ ತಿರುಗಿತು. 1984ರ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಸಿನಿಮಾದಲ್ಲಿ ಒಂದು ಸುಳ್ಳು ರಾಕ್ ತಂಡವಿದೆ. ಅದರ ಗಿಟಾರಿಗ ತನ್ನ ಸೌಂಡ್ ಬಾಕ್ಸನ್ನು ಹೆಮ್ಮೆಯಿಂದ ತೋರಿಸುತ್ತಾನೆ. ಎಲ್ಲರದರಲ್ಲೂ ಗುಂಡಿ ಹತ್ತರವರೆಗೆ ತಿರುಗುತ್ತದೆ, ಇವನದು ಹನ್ನೊಂದಕ್ಕೆ ಹೋಗುತ್ತದೆ. ‘ಹತ್ತನ್ನೇ ಜೋರಾಗಿ ಮಾಡಬಹುದಲ್ಲ’ ಎಂದರೆ ಅವನ ತಲೆಗೆ ಹೋಗುವುದಿಲ್ಲ. ಗಣೇಶನ ಹಬ್ಬದಲ್ಲಿ ಎದೆ ಅದುರುವ ಡಿಜೆ ಬಾಕ್ಸುಗಳ ಪಕ್ಕ ನಿಂತವರಿಗೆ ಈ ಹನ್ನೊಂದರ ಗುಂಡಿ ಚೆನ್ನಾಗಿ ಗೊತ್ತು.

ನಮ್ಮಲ್ಲಿ ನಕ್ಕವರು

ಇಷ್ಟೆಲ್ಲ ಪರದೇಶದ ಮಾತಾಯಿತು. ಪಶ್ಚಿಮದ ಹಾಡು ಕನ್ನಡಕ್ಕೆ ಬಂದಾಗ ನಾವು ಹೇಗೆ ನಕ್ಕೆವು?

ಮೊದಲ ನಗು ಟಿ.ಪಿ. ಕೈಲಾಸಂ ಅವರದು. ಭೂವಿಜ್ಞಾನ ಓದಲು ಲಂಡನ್ನಿಗೆ ಹೋದ ಅವರು ಅಲ್ಲಿಯ ನಾಟಕ, ಹಾಡು ಎಲ್ಲ ತಲೆಯಲ್ಲಿ ತುಂಬಿಕೊಂಡು ಬಂದರು. ಮೊದಲ ಮಹಾಯುದ್ಧದಲ್ಲಿ ಇಂಗ್ಲಿಷ್ ಸಿಪಾಯಿಗಳು ಹಾಡಿಕೊಂಡು ನಡೆಯುತ್ತಿದ್ದ ‘ಟಿಪ್ಪರರಿ’ ಎಂಬ ಹಾಡಿನ ಧಾಟಿಗೆ ಕನ್ನಡದ ಮಾತು ಕೂರಿಸಿದರು. ಐರ್ಲೆಂಡಿನ ಟಿಪ್ಪರರಿ ಕನ್ನಡದ ತಿಪ್ಪಾರಳ್ಳಿ ಆಯಿತು. ಇದು ರಾಕ್ ಹುಟ್ಟುವ ಮೊದಲಿನ ಕಥೆ. ಆದರೆ ದಾರಿ ಅಲ್ಲೇ ತೆರೆಯಿತು. ಕೈಲಾಸಂ ಹಳ್ಳಿಯವನನ್ನು ನೋಡಿ ನಗಲಿಲ್ಲ. ಸಾಹೇಬನ ಧಾಟಿಯನ್ನೇ ಹಳ್ಳಿಗೆ ಎಳೆದುತಂದು ನಕ್ಕರು.

ಚಿತ್ರದ ನಗುವಿಗೆ ಕನ್ನಡದಲ್ಲಿ ಮನೆ ಕಟ್ಟಿಕೊಟ್ಟದ್ದು ‘ಕೊರವಂಜಿ’. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ಹಾಸ್ಯ ಮಾಸಿಕ ಅದು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೆದರು. ಮುಂದೆ ಮುಂಬೈಗೆ ಹೋಗಿ, ಚೌಕಳಿ ಕೋಟಿನ ‘ಶ್ರೀಸಾಮಾನ್ಯ’ನನ್ನು ದೇಶಕ್ಕೆಲ್ಲ ಪರಿಚಯಿಸಿದವರು ಅವರೇ. ಆ ಶ್ರೀಸಾಮಾನ್ಯ ಒಂದು ಮಾತೂ ಆಡುವುದಿಲ್ಲ, ಸುಮ್ಮನೆ ನೋಡುತ್ತಾನೆ. ನಗೆಗೀಡಾಗುವವನು ಅವನಲ್ಲ, ಅವನ ಮುಂದೆ ಮಾತಾಡುವ ಮಂತ್ರಿ. ಕೊರವಂಜಿ 1967ರಲ್ಲಿ ನಿಂತಿತು. 1983ರಲ್ಲಿ ಅದರ ಹಾದಿಯಲ್ಲೇ ‘ಅಪರಂಜಿ’ ಬಂತು.

ಬೆಂಗಳೂರಿನ ದಂಡು ಪ್ರದೇಶದಲ್ಲಿ 60-70ರ ದಶಕದಲ್ಲೇ ಇಂಗ್ಲಿಷ್ ಹಾಡಿನ ತಂಡಗಳಿದ್ದವು. ಆ ಕಾಲದ ಬೀದಿ, ಬಾರು, ಸಿನಿಮಾ ಮಂದಿರ, ಸ್ಕೂಟರುಗಳನ್ನು ನಗು ಉಕ್ಕುವಂತೆ ಬರೆದಿಟ್ಟವರು ಪಾಲ್ ಫರ್ನಾಂಡಿಸ್ ಎಂಬ ವ್ಯಂಗ್ಯಚಿತ್ರಕಾರ. ಅವರದು ಪ್ರೀತಿಯ ನಗು. ಆದರೆ ಆ ಊರಿನಲ್ಲಿ ನಾವು, ಚನ್ನಗಿರಿ, ನ್ಯಾಮತಿಯವರು, ಇಲ್ಲ. ನಮ್ಮ ಊರಿಗೆ ಗಿಟಾರು ಬಂದದ್ದು ಟೂರಿಂಗ್ ಟಾಕೀಸಿನ ಪರದೆಯ ಮೇಲೆ.

1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಸಿನಿಮಾದಲ್ಲಿ ರಾಜ್‌ಕುಮಾರ್ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಪೂರ್ತಿ ಇಂಗ್ಲಿಷ್ ಹಾಡೊಂದನ್ನು ಸ್ವತಃ ಹಾಡಿದರು. ಇಂಟರ್‌ನೆಟ್ ಬಂದ ಮೇಲೆ ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹೊರಗಿನ ಕೆಲವರು ‘ನೋಡಿ, ಹೇಗೆ ಇಂಗ್ಲಿಷ್ ಹಾಡಿದ್ದಾರೆ’ ಎಂದು ನಗಲು ಹಂಚಿದರು. ನಮ್ಮವರು ‘ಅಣ್ಣಾವ್ರು ಯಾವುದನ್ನು ಹಾಡಲಿಲ್ಲ ಹೇಳಿ’ ಎಂದು ಮೆರೆಸಲು ಹಂಚಿದರು. ತುಣುಕು ಒಂದೇ, ನಗು ಎರಡು.

1981ರ ‘ಗೀತಾ’ದಲ್ಲಿ ಶಂಕರ್‌ನಾಗ್ ಹಾಡುಗಾರನ ಪಾತ್ರ ಮಾಡಿದರು. ಇಳಯರಾಜಾ ಸಂಗೀತ. ಅಲ್ಲಿ ಗಿಟಾರು ಹಿಡಿದವನು ಕೋಡಂಗಿಯಲ್ಲ, ನಾಯಕ. ಆ ಹಾಡು ಇವತ್ತಿಗೂ ಆರ್ಕೆಸ್ಟ್ರಾಗಳಲ್ಲಿ ಶುರುವಾದರೆ ಕುರ್ಚಿಯಲ್ಲಿ ಕೂತವರು ಏಳುತ್ತಾರೆ.

ಶರೀಫರ ಗುಡುಗುಡಿ, ಕೀಲುಕುದುರೆ

ಹೊನ್ನಾಳಿಯ ಆಚೆ ಹಾವೇರಿ ಜಿಲ್ಲೆ. ಅಲ್ಲಿಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದವರು ಸಂತ ಶರೀಫರು. 1819ರಲ್ಲಿ ಹುಟ್ಟಿ 1889ರಲ್ಲಿ ಕಾಲವಾದವರು. ಗುಡುಗುಡಿ, ಸೋರುವ ಮನೆ, ಕೋಳಿ, ಕೋಡಗ ಏನೇ ಕಂಡರೂ ಅದರಲ್ಲಿ ಮನುಷ್ಯನ ಹಮ್ಮನ್ನು ಗೇಲಿ ಮಾಡಿ ಹಾಡಿದರು. ಅವರ ತತ್ವಪದಗಳು ಮಾತಿನಲ್ಲಿ ಬರೆದ ವ್ಯಂಗ್ಯಚಿತ್ರಗಳೇ. ನಗುವುದು ಬಡವನನ್ನಲ್ಲ, ‘ನಾನು’ ಎಂದು ಬೀಗುವವನನ್ನು. ಆ ಬೀಗುವವನಲ್ಲಿ ಹಾಡುವ ತನ್ನನ್ನೂ ಸೇರಿಸಿಕೊಂಡೇ.

ಸಿ. ಅಶ್ವತ್ಥ್ ಆ ಪದಗಳನ್ನು ನಾಡಿನ ತುಂಬ ಹಾಡಿದರು. ಮೈಸೂರಿನ ರಘು ದೀಕ್ಷಿತ್ ಅವನ್ನೇ ಗಿಟಾರು, ಡ್ರಮ್ಮಿಗೆ ಹಾಕಿ 2008ರ ತಮ್ಮ ಮೊದಲ ಆಲ್ಬಂನಲ್ಲಿ ತಂದರು. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಲಂಡನ್ನಿನ ವೇದಿಕೆಯಲ್ಲೂ ಹಾಡಿದರು. ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ತಂಡದಲ್ಲಿ ಗಾಯಕ ನಮ್ಮ ಜಾತ್ರೆಯ ಕೀಲುಕುದುರೆಯಂಥ ಕುದುರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ವೇದಿಕೆಯಲ್ಲಿ ಕುಣಿದದ್ದುಂಟು. ರಾಕ್ ಗಾಯಕ ತನ್ನನ್ನೇ ವ್ಯಂಗ್ಯಚಿತ್ರ ಮಾಡಿಕೊಂಡು ನಗಿಸುವುದು ಇದು. ನಮ್ಮ ದೊಡ್ಡಾಟದ ಸಾರಥಿ ರಾಜನ ಕಾಲೆಳೆಯುವ ಮೊದಲು ತನ್ನ ಹೊಟ್ಟೆ ಬಡಿದುಕೊಂಡು ನಗಿಸುವುದಿಲ್ಲವೇ, ಹಾಗೆ.

ಹತ್ತಿ ಹೊಲದಲ್ಲಿ ಹುಟ್ಟಿದ ಧಾಟಿ ಬಂದು ಹತ್ತಿ ಸೀಮೆಯ ಸಂತನ ಪದ ಸೇರಿದ್ದನ್ನು ನೋಡಿದರೆ, ರಾಕ್ ಹಳ್ಳಿ ಬಿಟ್ಟು ಹೋದದ್ದಲ್ಲ, ಸುತ್ತಿ ಬಳಸಿ ಹಳ್ಳಿಗೇ ಬಂದದ್ದು ಎನ್ನಬೇಕು.

ಈಗ ಬರೆಯುವವರು ಯಾರು?

ಇವತ್ತು ವ್ಯಂಗ್ಯಚಿತ್ರ ಪತ್ರಿಕೆಯ ಮೂಲೆಯಲ್ಲಿ ಕಾಯಬೇಕಿಲ್ಲ. ನಮ್ಮ ಫೋನಿನಲ್ಲೇ ದಿನಕ್ಕೆ ಹತ್ತಾರು ಬರುತ್ತವೆ. ಟ್ರೋಲ್ ಪೇಜ್, ಮೀಮು, ವಾಟ್ಸಾಪ್ ಸ್ಟಿಕ್ಕರ್. ಅವುಗಳಲ್ಲಿ ಗೇಲಿಗೆ ಸಿಗುವವರು ಯಾರೆಂದು ನಾವು ಲೆಕ್ಕ ಹಾಕಿದೆವು. ಮಂತ್ರಿಗಳೂ ಇದ್ದಾರೆ. ಆದರೆ ಅದಕ್ಕಿಂತ ಹೆಚ್ಚು ಸಿಗುವವರು ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಹಾಡುವ ಹೆಣ್ಣುಮಕ್ಕಳು, ರೀಲ್ಸ್‌ನಲ್ಲಿ ಕುಣಿಯುವ ಕೂಲಿ ಹೆಂಗಸು, ಮದುವೆ ಬ್ಯಾಂಡ್‌ಸೆಟ್ಟಿನ ಹುಡುಗ, ಇಂಗ್ಲಿಷ್ ತಪ್ಪಾಗಿ ಹಾಡಿದ ಡಿಗ್ರಿ ವಿದ್ಯಾರ್ಥಿ. ಒಂದು ಕ್ಷಣದ ತುಣುಕು ಕತ್ತರಿಸಿ, ಕತ್ತೆಯ ಕೂಗು ಸೇರಿಸಿ, ಕೆಳಗೆ ಒಂದು ಸಾಲು ಹಾಕಿ ಬಿಡುತ್ತಾರೆ. ಮಾಡಿದವನ ಹೆಸರಿರುವುದಿಲ್ಲ. ಆದರೆ ಗೇಲಿಗೊಳಗಾದವಳ ಮು​ಖ ಊರಿಗೆಲ್ಲ ಗೊತ್ತು. ನಾಳೆ ಅವಳು ನೀರಿಗೆ, ರೇಷನ್ನಿಗೆ, ಸಂಘದ ಮೀಟಿಂಗಿಗೆ ಅದೇ ಊರಿನಲ್ಲಿ ನಡೆದು ಹೋಗಬೇಕು. ಮುಂದಿನ ವರ್ಷ ಅವಳು ಹಾಡುವುದನ್ನೇ ಬಿಟ್ಟರೆ ಆ ನಷ್ಟ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಹಾಗೆಂದು ನಗಲೇಬಾರದು ಎಂದು ನಾವು ಹೇಳುತ್ತಿಲ್ಲ. ನಗು ಬೇಕು. ಹನ್ನೊಂದಕ್ಕೆ ಗುಂಡಿ ತಿರುಗಿಸುವ ಡಿಜೆಯನ್ನು, ವೇದಿಕೆಯಲ್ಲಿ ಹಾಡು ನಿಲ್ಲಿಸಿ ಅರ್ಧ ಗಂಟೆ ಭಾಷಣ ಮಾಡುವ ಮುಖಂಡನನ್ನು, ಕಲಾವಿದರ ಕೂಲಿ ಬಾಕಿ ಉಳಿಸಿಕೊಂಡು ತಮ್ಮ ಫ್ಲೆಕ್ಸಿಗೆ ಖರ್ಚು ಮಾಡುವ ಸಮಿತಿಯನ್ನು ನೋಡಿ ನಗಲೇಬೇಕು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಶಾಲೆಯ ಗೋಡೆ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಚಿತ್ರ ಬರೆಯುವ ಮಕ್ಕಳಿಗೆ ಬರವಿಲ್ಲ. ಬೆಂಗಳೂರಿಗೆ ಹೋದಾಗ ಎಂ.ಜಿ. ರಸ್ತೆ ಹತ್ತಿರ ಮಿಡ್‌ಫೋರ್ಡ್ ಹೌಸ್‌ನಲ್ಲಿರುವ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಅಂಥ ಮಕ್ಕಳನ್ನು ಕರೆದುಕೊಂಡು ಹೋಗಿ. ಕುಂದಾಪುರದಂಥ ಊರಿನಲ್ಲಿದ್ದುಕೊಂಡೇ ಸತೀಶ್ ಆಚಾರ್ಯ ಬರೆದ ವ್ಯಂಗ್ಯಚಿತ್ರಗಳು ಹೊರದೇಶದ ಪತ್ರಿಕೆಗಳ ಗಮನ ಸೆಳೆದದ್ದನ್ನು ಅವರಿಗೆ ಹೇಳಿ.

ರಾಕ್ ಸಂಗೀತದ ಈ ಸುಮಾರು ನೂರತೊಂಬತ್ತು ವರ್ಷಗಳ ನಗುವಿನ ಚರಿತ್ರೆಯಿಂದ ನಾವು ಕಲಿತದ್ದು ಇಷ್ಟು. ಕೆಳಗಿದ್ದವನನ್ನು ನೋಡಿ ನಕ್ಕ ಚಿತ್ರ ಕೊನೆಗೆ ಜಿಮ್ ಕ್ರೋ ಕಾನೂನಿನ ಹೆಸರಾಗಿ ಉಳಿಯಿತು. ಮೇಲಿದ್ದವನನ್ನೂ ತನ್ನನ್ನೂ ನೋಡಿ ನಕ್ಕ ಚಿತ್ರ, ಪದ, ವೇಷಗಳನ್ನು ಜನ ಇಂದಿಗೂ ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ಮುಂದಿನ ಸಲ ಹಾಡುವವರ ಗೇಲಿಯ ಮೀಮು ನಿಮ್ಮ ಗ್ರೂಪಿಗೆ ಬಂದಾಗ, ಫಾರ್ವರ್ಡ್ ಒತ್ತುವ ಮುಂಚೆ ಅದರಲ್ಲಿರುವ ಮುಖವನ್ನು ಒಮ್ಮೆ ನೋಡಿ. ಅದು ಮಂತ್ರಿಯ ಮುಖವೋ, ನಿಮ್ಮ ಪಕ್ಕದ ಓಣಿಯ ಅಕ್ಕನ ಮುಖವೋ?